ಗಂಟೆ ತಾತನೂ ಅಧ್ಯಕ್ಷಮ್ಮನ ಕೇಕೂ

ನಮ್ಮ ಚಾಮರಾಜಪೇಟೆ ಕ್ರೈಸ್ತ ದೇವಾಲಯದಲ್ಲಿ ಏನೂ ನಡೆಯದ ಭಾನುವಾರ ಅಂತ ಒಂದೂ ಇರಲಿಲ್ಲ. ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು. ಓದಿ ಕಣ್ಣು ಸವೆಸಿಕೊಳ್ಳಲಿಲ್ಲ, ಅದಕ್ಕೇ ಎಲ್ಲಾ ಚೆನ್ನಾಗಿ ಕಾಣ್ತಿತ್ತು.

೧. ಕಣ್ಮುಚ್ಚಿ ಹೇಳಿದ್ದು

ನಮ್ಮ ಸ್ತ್ರೀಯರ ಸಂಘದಲ್ಲಿ ಕಣ್ಣು ಬಿಟ್ಕೊಂಡು ಹೇಳಿದ್ರೆ ಚಾಡಿ, ಮುಚ್ಕೊಂಡು ಹೇಳಿದ್ರೆ ಪ್ರಾರ್ಥನೆ. ಫ್ಲೈಓವರ್‌ಗೆ ಅಂತ ಮಾರ್ಕೆಟ್ ರಸ್ತೆ ಅಗೆದಿದ್ದ ವರ್ಷ, ಸಂಘದ ಅಧ್ಯಕ್ಷಮ್ಮ ಕೈಮುಗಿದು ಶುರು ಮಾಡಿದ್ರು: "ಕರ್ತನೇ, ನಮ್ಮ ದೇವಾಲಯದ ಗಂಟೆ ಹೊಡೆಯೋ ತಾತ ನಿನ್ನೆ ಬ್ರಾಂದಿ ಅಂಗಡಿಯಿಂದ ತೂರಾಡ್ಕೊಂಡು ಬಂದದ್ದು ನೀನೇ ಬಲ್ಲೆ. ನೀಲಿ ಚೌಕಳಿ ಷರ್ಟು, ಕರ್ತನೇ."

ನಾನು ಒಂದು ಕಣ್ಣು ತೆಗೆದು ನೋಡಿದೆ. ಎಲ್ಲರದೂ ಒಂದೊಂದು ತೆಗೆದೇ ಇತ್ತು. ಬಾಗಿಲಲ್ಲಿ ನಿಂತಿದ್ದ ನೀಲಿ ಚೌಕಳಿ ಷರ್ಟು ಎಲ್ಲರಿಗಿಂತ ಜೋರಾಗಿ "ಆಮೆನ್" ಅಂತು.

೨. ಕೊನೇ ಬೆಂಚಿನ ಯುದ್ಧ

"ನಿಮ್ಮನ್ನ ನೀವು ತಗ್ಗಿಸಿಕೊಳ್ಳಿ, ಬೇರೆಯವರ ತಪ್ಪು ಮುಚ್ಚಿ" ಅಂತ ಪಾದ್ರಿಗಳು ಪ್ರಸಂಗ ಮಾಡಿದ್ರು. ಮರುವಾರವೇ ಅಧ್ಯಕ್ಷಮ್ಮನಿಗೂ ಖಜಾಂಚಿಯಮ್ಮನಿಗೂ ಕೊನೇ ಬೆಂಚಿಗಾಗಿ ಜಗಳ.

"ನಾನು ಬರೀ ಧೂಳು, ಹಿಂದೇನೇ ಕೂರ್ತೀನಿ."

"ನೀವು ಧೂಳಾದ್ರೆ ನಾನು ಕಸ, ಏಳ್ರೀ!"

ಅಧ್ಯಕ್ಷಮ್ಮನೇ ಗೆದ್ರು. ಗೆದ್ದ ಜಾಗದಿಂದಲೇ ಎದ್ದು ನಿಂತು, "ಕುಡುಕನ ಕೈಯಲ್ಲಿ ದೇವರ ಗಂಟೆ ಬೇಡ" ಅಂದ್ರು. ಕಮಿಟಿ ಹೂಂಗುಟ್ಟಿತು. ತಾತ ಕೆಲಸ ಬಿಡಬೇಕು, ಹೊಸ ವರ್ಷದೊಳಗೆ ದೇವಾಲಯದ ಹಿತ್ತಲಿನ ಮನೇನೂ ಬಿಡಬೇಕು. ಇಷ್ಟೆಲ್ಲ ಆಗಿದ್ದು ಆ ತಗ್ಗಿನ ಬೆಂಚಿಂದ.

೩. ತಟ್ಟೆ ಖಾಲಿ ಆಗಲಿಲ್ಲ

ಪ್ರತಿ ಕ್ರಿಸ್‌ಮಸ್‌ಗೂ ಆರಾಧನೆ ಮುಗಿದ ಮೇಲೆ ಕಾಂಪೌಂಡಿನಲ್ಲಿ ಕಾಫಿ, ಅದರ ಜೊತೆ ಅಧ್ಯಕ್ಷಮ್ಮನ ಕೈಯಾರೆ ಮಾಡಿದ ಕೇಕು. ಒಂದು ಚೂರೂ ಉಳಿಯಲ್ಲ ಅಂತ ಅವರಿಗೆ ಜಂಬವೋ ಜಂಬ. ಆ ವರ್ಷ ತಾತ ಅವಮಾನಕ್ಕೆ ಮನೆಯಿಂದ ಹೊರಗೇ ಬರಲಿಲ್ಲ. ನೋಡಿದ್ರೆ ಬೆಂಚಿನ ಕೆಳಗೆ ಕೇಕು, ಕ್ರೋಟನ್ ಕುಂಡದಲ್ಲಿ ಕೇಕು, ಪಾದ್ರಿಗಳ ಜೇಬಲ್ಲೂ ಕೇಕು! ಅಧ್ಯಕ್ಷಮ್ಮ ತಾವೇ ಒಂದು ತುಂಡು ಕಚ್ಚಿದ್ರು. ಕಟ್ಟಿಸಿದ ಹಲ್ಲು ಕೇಕಲ್ಲೇ ನಿಂತ್ಕೊಂಡ್ತು.

"ಹಾಗಾದ್ರೆ ಇಷ್ಟು ವರ್ಷ ಯಾರು ತಿಂತಿದ್ರು?" ಅಂದ್ರು, ಬಾಯಿಗೆ ಸೆರಗು ಅಡ್ಡ ಹಿಡ್ಕೊಂಡು.

ನಾನ್ಯಾಕೆ ಸುಮ್ನಿರ್ಲಿ? "ಇನ್ಯಾರು, ನಿಮ್ಮ ನೀಲಿ ಚೌಕಳಿ ಷರ್ಟು! ನಾವು ಬಿಟ್ಟಿದ್ದನ್ನೆಲ್ಲ ನಿಮ್ಮ ಕಣ್ಣಿಗೆ ಬೀಳದ ಹಾಗೆ ಚೀಲಕ್ಕೆ ತುಂಬ್ಕೊಂಡು ಹೋಗಿ, ಕಾಫಿಲಿ ನೆನೆಸಿ ನೆನೆಸಿ ತಿಂತಿದ್ದ. 'ಅಮ್ಮನಿಗೆ ಹೇಳ್ಬೇಡಿ, ನೊಂದ್ಕೊತಾರೆ' ಅಂತ ನಮ್ಮ ಬಾಯಿ ಬೇರೆ ಮುಚ್ಚಿಸಿದ್ದ."

ಅಧ್ಯಕ್ಷಮ್ಮ ನೆಟ್ಟಗೆ ಹಿತ್ತಲಿಗೆ ಹೋಗಿ, ತಾತನ ಕೈಹಿಡಿದು ಎಳ್ಕೊಂಡು ಬಂದು, ಎಲ್ಲರೆದುರು ಮಣ್ಣಲ್ಲೇ ಮೊಣಕಾಲೂರಿದ್ರು. "ಕರ್ತನೇ, ಇವರ ಕುಡಿತ ಕ್ಷಮಿಸು, ನನ್ನ ನಾಲಿಗೆ ಕ್ಷಮಿಸು. ಗಂಟೆ ಇವರೇ ಹೊಡೀಲಿ, ಆ ಮನೇಲೇ ಇರ್ಲಿ. ಬೇಡ ಅನ್ನೋ ಕಮಿಟಿಯವರು ಮೊದಲು ಈ ಕೇಕು ತಿನ್ಲಿ."

ಕಮಿಟಿಯವರು ತಟ್ಟೆ ನೋಡಿ ಎರಡೆರಡು ಹೆಜ್ಜೆ ಹಿಂದಕ್ಕೆ ಸರಿದ್ರು. ತಾತ ಪಕ್ಕದಲ್ಲೇ ಮೊಣಕಾಲೂರಿ, ಕಣ್ಣೊರೆಸ್ಕೊಂಡು, "ಕರ್ತನೇ, ಅಮ್ಮನ ಕೇಕನ್ನೂ ಕ್ಷಮಿಸು" ಅಂದ.

ನಮ್ಮ ಇಡೀ ಸಭೆ ಒಂದೇ ಬಾಯಲ್ಲಿ ಆಮೆನ್ ಅಂದಿದ್ದು ಅವತ್ತೊಂದೇ ದಿನ. ಎಲ್ಲರಿಗಿಂತ ಜೋರಾಗಿ ಅಂದಿದ್ದು ಅಧ್ಯಕ್ಷಮ್ಮ, ಹಲ್ಲಿಲ್ಲದೆ!