ಗುಡ್ಡದಲ್ಲಿ ಎರಡೇ ಕೂಗು

ಮುರಾರಿ: ಓ ಅನ್ಲಿಕ್ಕೆ ಎಂತ ಕಷ್ಟ ನಿಂಗೆ? ಒಂದು ‘ಓ’! ಅಷ್ಟು ಸಾಕಿತ್ತು. ನಾನು ಅಲ್ಲಿ ಗಂಟಲು ಹರ್ಕೊಂಡು ಕೂಗ್ತಾ ಇದ್ದೇನೆ, ನೀನು ಬಂಡೆಯ ಹಿಂದೆ ಕೂತು ರೊಟ್ಟಿ ತಿಂತಾ ಇದ್ದಿ!

ಸತ್ಯಭಾಮಾ: ರೊಟ್ಟಿ ಅಲ್ಲ, ಶೇಂಗಾ ಚಟ್ನಿ. ನೀವು ಕೂಗುವಷ್ಟರಲ್ಲಿ ರೊಟ್ಟಿ ಮುಗಿದಿತ್ತು.

ನೆರೂಳದ ಪಕ್ಕದ ಗುಡ್ಡದ ಬುಡದಲ್ಲಿ, ಚಹಾದ ಗಾಡಿಯ ಎದುರಿಗೆ ಈ ವಾಗ್ವಾದ ಒಳ್ಳೆಯ ಹದಕ್ಕೆ ಬಂದಿತ್ತು. ಮುರಾರಿ ಉಡುಪಿಯವರು, ನೆರೂಳದಲ್ಲಿ ಸಸ್ಯಾಹಾರಿ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತು ತಲೆ ನರೆಸಿಕೊಂಡವರು. ಹಿಂದಿನ ವಾರ ಗುಡ್ಡದ ಕಾಲುದಾರಿಯಲ್ಲಿ ಯಾರದೋ ಮೊಬೈಲನ್ನು ಕಳ್ಳನೊಬ್ಬ ಕಸಿದು ಓಡಿದನೆಂಬ ಸುದ್ದಿ ಬಂದಂದಿನಿಂದ, ಹೆಂಡತಿಯ ಬೆಳಗಿನ ಗುಡ್ಡ ಹತ್ತುವಿಕೆಯನ್ನು ನಿಲ್ಲಿಸಲೇಬೇಕೆಂದು ಅವರು ಹಟ ಹಿಡಿದಿದ್ದರು. ಬಹಳ ಚೌಕಾಸಿಯಾದ ಮೇಲೆ ಒಂದು ಒಪ್ಪಂದವಾಗಿತ್ತು. ಇಂದು ಮುರಾರಿಯೇ ಕಾವಲಿಗೆ ಬರುವುದು. ಎಲ್ಲವೂ ಕ್ಷೇಮವೆಂದು ಕಂಡರೆ ಸತ್ಯಭಾಮಾ ಮುಂದೆಯೂ ಬರಬಹುದು. ಇಲ್ಲವಾದರೆ ನಾಳೆಯಿಂದ ಸೊಸೈಟಿಯ ಟೆರೇಸಿನಲ್ಲಿ ನೀರಿನ ಟ್ಯಾಂಕಿಗೆ ಪ್ರದಕ್ಷಿಣೆ. ಗುಡ್ಡದ ತುದಿಯಿಂದ ಕೆಳಗೆ ಖಾಡಿಯಲ್ಲಿ ಸಮುದ್ರದ ಹಿನ್ನೀರು ಬೆಳಗುವುದನ್ನು ನೋಡುವ ಹೊತ್ತೊಂದೇ ಇಡೀ ದಿನದಲ್ಲಿ ತನ್ನದು ಎಂದುಕೊಂಡಿದ್ದ ಸತ್ಯಭಾಮಾಗೆ, ಆ ಟ್ಯಾಂಕನ್ನು ನೆನೆದರೇ ಕಾಲು ಜೋಮು ಹಿಡಿಯುತ್ತಿತ್ತು.

ಕಾವಲು ಅರ್ಧ ಗುಡ್ಡದವರೆಗೆ ಸಾಂಗವಾಗಿಯೇ ನಡೆದಿತ್ತು. ಅಲ್ಲಿ ಕಾವಲುಗಾರರಿಗೆ ಏದುಸಿರು ಬಂದು ಅವರು ಕಲ್ಲಿನ ಮೇಲೆ ಕುಳಿತರು; ಹೆಂಡತಿ ಮುಂದೆ ಹೋದರು. ಉಸಿರು ಅರ್ಧ ತಿರುಗಿದ ಮೇಲೆ ನೋಡಿದರೆ ಹೆಂಡತಿ ಕಾಣಲಿಲ್ಲ. ಎರಡು ಸಲ ಕೂಗಿದರು. ಉತ್ತರ ಬರಲಿಲ್ಲ. ಮುರಾರಿ ಗುಡ್ಡ ಇಳಿದು ಓಡಿ, ಕೆಳಗೆ ಬಂದೋಬಸ್ತಿಗೆ ನಿಂತಿದ್ದ ಪೊಲೀಸ್ ಯತಿನನ ಕೈ ಹಿಡಿದು “ಹೆಂಡತಿಯನ್ನು ಹೊತ್ತುಕೊಂಡು ಹೋದರು” ಎಂದರು. ಯತಿನ್ ಇನ್ನೇನು ಹುಡುಕಲು ಹೊರಡಬೇಕು, ಆಗ ಹೊತ್ತುಕೊಂಡು ಹೋಗಲ್ಪಟ್ಟವರು ದಾನಮ್ಮನ ಜೊತೆ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತ ಇನ್ನೊಂದು ಬದಿಯ ಒಳದಾರಿಯಿಂದ ತಾವಾಗಿಯೇ ಇಳಿದು ಬಂದರು.

ದಾನಮ್ಮ ವಿಜಯಪುರದ ಕಡೆಯವಳು. ತುರ್ಭೆಯಲ್ಲಿ ಮನೆ, ಗುಡ್ಡದ ಮೇಲೆ ಹೊಸದಾಗಿ ನೆಟ್ಟ ಸಸಿಗಳಿಗೆ ನೀರು ಹಾಕುವುದು ಅವಳ ಕೆಲಸ; ರೊಟ್ಟಿ, ಚಟ್ನಿ ಅವಳ ಬುತ್ತಿಯವು.

ಮುರಾರಿ: ಎರಡು ಸಲ ಕೂಗಿದ್ದೇನೆ! ಕೇಳ್ಲಿಲ್ವಾ?

ಸತ್ಯಭಾಮಾ: ಕೇಳಿತು.

ಮುರಾರಿ: ಕೇಳಿತು? ಕೇಳಿಯೂ ಸುಮ್ಮನೆ ಕೂತಿಯಾ?

ಸತ್ಯಭಾಮಾ: ಎರಡು ಸಲ ಕೇಳಿದ್ದಕ್ಕೇ ಸುಮ್ಮನೆ ಕೂತದ್ದು. ಗುಡ್ಡ ಕಾಡಿನಲ್ಲಿ ಹೆಸರು ಹಿಡಿದು ಕರೆದ್ರೆ ಮೂರನೇ ಕೂಗಿನವರೆಗೆ ಓ ಅನ್ಬಾರ್ದು ಅಂತ ನಮ್ಮ ಅಜ್ಜಿ ಹೇಳಿದ್ದು ನಿಮಗೂ ಗೊತ್ತುಂಟು. ಮನುಷ್ಯ ಆದ್ರೆ ಮೂರು ಸಲ ಕರೀತಾನೆ.

ದಾನಮ್ಮ: ಖರೇ ಐತ್ರಿ ಸಾವಕಾರ್ರ. ನಮ್ಮ ಕಡೀಗೂ ಹಂಗ. ದೆವ್ವಕ್ಕ ಎರಡ ಸಲ ಕರಿಯಾಕ ಬರ್ತೈತಿ, ಮೂರನೇದು ಬರಂಗಿಲ್ಲ. ಅಕ್ಕಾರು ಒಂದ್ ಸಲ ಬಾಯಿ ತೆರದಿದ್ರು. ನಾನ ಗಪ್ಪನ ಮುಚ್ಚಿ ಹಿಡದೆ.

ಮುರಾರಿ: ದೆವ್ವ? ನನ್ನ ಸ್ವರ ನಿಮಗೆ ದೆವ್ವದ ಹಾಗೆ ಕೇಳಿತಾ?

ದಾನಮ್ಮ: ಹೌದ್ರಿ. ಹಾಂ… ಹಾಂ… ಅಂತ ದಮ್ಮ ಎಳಕೋತ ಕರದ್ರ ಏನ ತಿಳಿಯೂಣ್ರಿ? ನನಗಂತೂ ಮೈಯೆಲ್ಲಾ ಮುಳ್ಳ ಎದ್ದಿದ್ವು.

ಮುರಾರಿ: ಇವಳದ್ದು ಬಿಡು, ಇವಳಿಗೆ ನನ್ನ ಗುರುತಿಲ್ಲ. ನಿನಗೆ ಎಂತ ಆಯ್ತು? ಮದುವೆಯಾಗಿ ಇಷ್ಟು ವರ್ಷ ಆಯ್ತಲ್ಲ!

ಸತ್ಯಭಾಮಾ: ಇಷ್ಟು ವರ್ಷದಲ್ಲಿ ಒಂದು ಸಲವಾದ್ರೂ ‘ಸತ್ಯಭಾಮಾ’ ಅಂತ ಕರ್ದದ್ದುಂಟಾ ನೀವು? ‘ಓಯ್’, ‘ಇಕಾ ಇಲ್ಲಿ’, ‘ವಿಶ್ರುತನ ಅಮ್ಮ’! ಹೆಸರು ಹಿಡಿದು ಅಷ್ಟು ಪ್ರೀತಿಯಿಂದ ಕರ್ದದ್ದು ಕೇಳಿದ ಕೂಡ್ಲೇ ನನಗೆ ಖಾತ್ರಿಯಾಯ್ತು, ಇದು ನನ್ನ ಗಂಡ ಅಲ್ಲ ಅಂತ.

ಚಹಾದ ಗಾಡಿಯವನು ಬೇರೆ ಕಡೆ ಮುಖ ತಿರುಗಿಸಿದ. ಯತಿನ್ ಡೊಂಬಿವಲಿಯಲ್ಲಿ ಹುಟ್ಟಿ ಬೆಳೆದವನಾದರೂ, ತಾಯಿ ರಾಯಚೂರಿನವಳಾದುದರಿಂದ ಅವನಿಗೆ ಕನ್ನಡ ಪೂರ್ತಿ ತಿಳಿಯುತ್ತಿತ್ತು. ಬಾಯಿಂದ ಹೊರಡುತ್ತಿದ್ದುದು ಮಾತ್ರ ಹಿಂದಿ.

ಯತಿನ್: ಕಾಕಾ, ತೀಸ್ರೀ ಬಾರ್ ಆವಾಜ್ ಕ್ಯೂಂ ನಹೀ ದಿಯಾ?

ಮುರಾರಿ: ಮೂರನೇ ಸಲವಾ? ನಾನು ಹೋಟೆಲಿನವ ಮಾರಾಯ. ಒಂದು ಕೂಗಿಗೆ ಸಪ್ಲಾಯರ್ ಓಡಿ ಬರ್ಬೇಕು. ಎರಡನೇ ಕೂಗು ಅಂದ್ರೆ ಬೈಗುಳ. ಮೂರನೇ ಕೂಗು ನಮ್ಮ ಹೋಟೆಲಿನಲ್ಲಿ ಇಲ್ಲವೇ ಇಲ್ಲ.

ಸತ್ಯಭಾಮಾ: ನನ್ನನ್ನು ಕರೆದದ್ದಾ, ಎರಡು ಇಡ್ಲಿ ಒಂದು ವಡೆ ಅಂತ ಆರ್ಡರ್ ಕೊಟ್ಟದ್ದಾ?

ಮುರಾರಿ: ನಗಾಡ್ಬೇಡ. ತೀರ್ಮಾನ ಆಯ್ತು. ಇವತ್ತಿಂದ ಗುಡ್ಡ ಬಂದ್! ನೋಡು, ಕೂಗಿದ್ರೆ ಓ ಅನ್ನುವವರಿಲ್ಲ, ಬೇಕಾದಾಗ ಜನ ಇಲ್ಲ. ನಾಳೆಯಿಂದ ಟೆರೇಸು.

ಸತ್ಯಭಾಮಾ: ಜನ ಇಲ್ಲ? ದಾನಮ್ಮ ಜನ ಅಲ್ವಾ? ಆ ದಿನ ಮೊಬೈಲು ಕಳ್ಕೊಂಡವರು ಯಾರು ಹೇಳಿ? ಕಿವಿಗೆ ವಯರು ಸಿಕ್ಕಿಸ್ಕೊಂಡು, ಎದುರು ಬಂದವರ ಮುಖವನ್ನೂ ನೋಡದೆ ಹೋಗುವ ಮನುಷ್ಯ. ಕಳ್ಳ ಹಿಂದಿನಿಂದ ಬಂದದ್ದೇ ಅವರಿಗೆ ಗೊತ್ತಾಗ್ಲಿಲ್ಲ. ನಾನು ಹತ್ತುವಾಗ ನೀರು ಹಾಕುವವರು, ಕಟ್ಟಿಗೆಯವರು, ನಾಯಿ ತಿರುಗಿಸುವವರು ಎಲ್ಲರೂ ‘ಬಂದ್ರಾ ಅಕ್ಕ’ ಅಂತ ಕೇಳ್ತಾರೆ.

ಮುರಾರಿ: ಅದೇ ಡೇಂಜರು! ಗೊತ್ತಿಲ್ಲದವರ ಹತ್ತಿರ ಮಾತಾಡ್ಬಾರ್ದು ಅಂತ ನಾನು ಬಡ್ಕೊಳ್ಳುವುದು ಯಾಕೆ ಮತ್ತೆ?

ಯತಿನ್ ಜೇಬಿನಿಂದ ಪೆನ್ನು ತೆಗೆದ. ಕಿಡ್ನ್ಯಾಪ್ ಎಂದು ಒಮ್ಮೆ ವಾಕಿಟಾಕಿಯಲ್ಲಿ ಹೇಳಿಬಿಟ್ಟಿದ್ದರಿಂದ ಏನಾದರೂ ಬರೆದುಕೊಳ್ಳದೆ ಅವನಿಗೆ ಗತಿಯಿರಲಿಲ್ಲ.

ಯತಿನ್: ಕಾಕಾ, ಆಪ್ಕಾ ಮೊಬೈಲ್ ನಂಬರ್?

ಮುರಾರಿ: ನಂಬರಾ? ತಡಿ, ಮೊಬೈಲಿನಲ್ಲಿ ಉಂಟು, ನೋಡಿ ಹೇಳ್ತೇನೆ.

ಅವರ ಕೈ ಸೊಂಟಕ್ಕೆ ಹೋಯಿತು. ಅಲ್ಲಿಯೇ ನಿಂತಿತು. ಆಮೇಲೆ ಸೊಂಟದ ಸುತ್ತಲೂ ಒಂದು ಸುತ್ತು ತಿರುಗಿ ಹೊರಟ ಜಾಗಕ್ಕೇ ಬಂತು. ಸತ್ಯಭಾಮಾ ಆ ಕೈಯನ್ನೇ ನೋಡುತ್ತಿದ್ದರು. ಗುಡ್ಡ ಹತ್ತುವ ಮುಂಚೆ ಇದೇ ಗಾಡಿಯ ಬಳಿ, ಸುರಕ್ಷತೆಯ ಹೆಸರಿನಲ್ಲಿ ತನ್ನ ಬಳೆ, ಕರಿಮಣಿ, ಮೊಬೈಲುಗಳನ್ನೆಲ್ಲ ಬಿಚ್ಚಿಸಿ ಗಂಡ ಆ ಸೊಂಟದ ಪೌಚಿಗೆ ತುಂಬಿಸಿದ್ದರು. ‘ತಾಳಿ ಕಟ್ಟಿದವನೇ ಜೊತೆಗಿರುವಾಗ ತಾಳಿ ಯಾಕೆ’ ಎಂಬುದು ಅವರ ವಾದವಾಗಿತ್ತು.

ಸತ್ಯಭಾಮಾ: ಪೌಚು ಎಲ್ಲಿ?

ಮುರಾರಿ: ಉಂಟು. ಸೇಫ್ ಉಂಟು.

ಸತ್ಯಭಾಮಾ: ಎಲ್ಲಿ ಸೇಫ್ ಉಂಟು?

ಮುರಾರಿ: ಅಲ್ಲ, ಗುಡ್ಡ ಇಳಿದು ಓಡ್ಬೇಕಲ್ಲ, ಓಡುವಾಗ ಕಳ್ಳ ಬಂದು ಎಳೆದ್ರೆ ಅಂತ ಹೆದರಿಕೆ ಆಯ್ತು. ತಿರುವಿನಲ್ಲಿ ಒಬ್ಬ ಬರ್ತಾ ಇದ್ದ. ಅವನ ಕೈಯಲ್ಲಿ ಕೊಟ್ಟೆ. ‘ನಾನು ಬರುವವರೆಗೆ ಇಲ್ಲಿಂದ ಕದಲ್ಬೇಡ’ ಅಂತ ಹೇಳಿದ್ದೇನೆ.

ಸತ್ಯಭಾಮಾ: ಯಾರು ಅವ?

ಮುರಾರಿ: ಗೊತ್ತಿಲ್ಲ.

ಸತ್ಯಭಾಮಾ ತನ್ನ ಬರಿ ಕೊರಳನ್ನು ಮುಟ್ಟಿಕೊಂಡರು. ಕರಿಮಣಿಯ ಚಿಂತೆ ಒಂದು ಕಡೆಯಾದರೆ, ಅದು ಹೋದರೆ ಗುಡ್ಡವೂ ಹೋದಂತೆಯೇ ಎಂಬ ಚಿಂತೆ ಇನ್ನೊಂದು ಕಡೆ. ತಪ್ಪು ಯಾರದೇ ಇರಲಿ, ಶಿಕ್ಷೆ ಟೆರೇಸಿನ ದಾರಿಯನ್ನೇ ಹಿಡಿಯುವುದೆಂದು ಅನುಭವದಿಂದ ಅವರಿಗೆ ಗೊತ್ತಿತ್ತು.

ಮುರಾರಿ: ಒಳ್ಳೆ ಮನುಷ್ಯ ಮಾರಾಯ್ತಿ! ಗಲ್ಲಾದಲ್ಲಿ ಕೂತವನಿಗೆ ಮುಖ ನೋಡಿದ್ರೆ ಗೊತ್ತಾಗ್ತದೆ.

ದಾನಮ್ಮ: ಅಯ್ಯ ಶಿವನ! ಇಷ್ಟೊತ್ತಿಗೆ ಬೇಲಾಪುರ ದಾಟಿರ್ತಾನ್ರಿ ಅಂವಾ! ಸಾಹೇಬ್ರ, ನಿಂತೀರೇನ, ಓಡ್ರಿ! ಅವನ ಕೈ ಸೇದಿ ಹೋಗ್ಲಿ! ಬಂಗಾರ ಮುಟ್ಟಿದ ಬೆರಳಿಗೆ ಚೇಳ ಕಡೀಲಿ! ಅವನ ಹೇಣ್ತಿ ಎಂಥಾಕಿ ಅದಾಳೋ, ಇಂಥಾ ಗಂಡನ್ನ ಹಗ್ಗ ಬಿಚ್ಚಿ ಊರಾಗ ಬಿಟ್ಟಾಳ!

ಯತಿನ್: ಕಾಕಾ, ದಿಖ್ತಾ ಕೈಸಾ ಥಾ?

ಮುರಾರಿ: ತಲೆಗೆ ಕೆಂಪು ಟವೆಲು ಸುತ್ತಿದ್ದ.

ದಾನಮ್ಮ: ಕಳ್ಳರೆಲ್ಲಾ ಹಂಗ ಸುತ್ಕೋತಾರ್ರಿ, ಮಾರಿ ಕಾಣಬಾರ್ದಂತ!

ಮುರಾರಿ: ಮೀಸೆ ಉಂಟು. ಆದ್ರೆ ಒಂದು ಬದಿ ಗಿಡ್ಡ.

ದಾನಮ್ಮನ ಸೊಂಟದ ಮೇಲಿದ್ದ ಕೈ ನಿಧಾನವಾಗಿ ಕೆಳಗಿಳಿಯಿತು.

ದಾನಮ್ಮ: ಯಾವ ಬಾಜೂದ್ರಿ?

ಮುರಾರಿ: ಎಡಗಡೆ.

ದಾನಮ್ಮ: ಬೀಡಿ ಹಚ್ಚೂಮುಂದ ಸುಟ್ಟಂಗ ಇತ್ತೇನ್ರಿ?

ಮುರಾರಿ: ಹೌದು! ನಿಂಗೆ ಹೇಗೆ ಗೊತ್ತು?

ದಾನಮ್ಮ: ಹೆಗಲ ಮ್ಯಾಲ ನೀರಿನ ಕ್ಯಾನ ಇತ್ತೇನ್ರಿ? ನೀಲಿದು?

ಮುರಾರಿ: ನೀಲಿಯೇ! ಬರಿ ಯತಿನ್, ಬರಿ! ಇವಳು ನೋಡಿದ್ದಾಳೆ ಅವನನ್ನು!

ದಾನಮ್ಮ: ಸಾಹೇಬ್ರ, ಬರೀಬ್ಯಾಡ್ರಿ.

ಯತಿನ್: ಕ್ಯೂಂ?

ದಾನಮ್ಮ: ಆ ಕ್ಯಾನ ನಂದ್ರಿ.

ಯತಿನ್: ಔರ್ ಆದ್ಮಿ?

ದಾನಮ್ಮ: ಅಂವನೂ ನನ್ನಂವನ ಅದಾನ್ರಿ. ಇವತ್ತು ಗೋದಾಮಿಗೆ ಸೂಟಿ ಐತಂತ ನೀರು ಹೊತ್ತ ತರಾಕ ಹೇಳಿದ್ದೆ. ಆಗಿಂದ ಹಾದಿ ನೋಡಾಕತ್ತೀನಿ, ಯಾಕ ಬರ್ಲಿಲ್ಲಂತ.

ಸತ್ಯಭಾಮಾ ಕೊರಳಿನಿಂದ ಕೈ ತೆಗೆದರು. ಅದರ ಬೆನ್ನಿಗೇ ನಗುವೂ ಬಂತು.

ಸತ್ಯಭಾಮಾ: ಅಲ್ಲ ದಾನಮ್ಮಾ, ಅವನ ಹೆಂಡತಿ ಎಂಥವಳೋ ಅಂತ ಕೇಳಿದ್ಯಲ್ಲ ಈಗ?

ದಾನಮ್ಮ: ಅಕಿ ಭಾಳ ಚೊಲೋ ಹೆಣಮಗಳ್ರೀ ಅಕ್ಕಾರ. ನಸೀಬನ ಸುಮಾರ ಐತಿ.

ಎಲ್ಲರೂ ತಿರುವಿನವರೆಗೆ ಹತ್ತಿದರು. ಮಾನಪ್ಪ ತುರ್ಭೆಯ ಗೋದಾಮಿನಲ್ಲಿ ಮೂಟೆ ಹೊರುವವನು. ಕದಲಬೇಡವೆಂದ ಜಾಗದಿಂದ ಅವನು ಒಂದು ಗೇಣೂ ಕದಲಿರಲಿಲ್ಲ. ಮುಖಕ್ಕೆ ಬಿಸಿಲು ಬಿದ್ದರೂ, ಪಕ್ಕದಲ್ಲೇ ಮರವಿದ್ದರೂ ಅದರ ನೆರಳಿಗೆ ಹೋಗಿರಲಿಲ್ಲ. ಪೌಚು ಅಂಗಿಯ ಒಳಗಿತ್ತು; ಅಂಗಿಯ ಮೇಲೆ ಎರಡೂ ಕೈಗಳಿದ್ದವು.

ಮುರಾರಿ: ಅಬ್ಬ! ಕೊಡು ಮಾರಾಯ.

ಮಾನಪ್ಪ: ಏನ್ ಕೊಡ್ಲಿರಿ?

ಮುರಾರಿ: ಪೌಚು! ನಾನೇ ಅಲ್ವಾ ಕೊಟ್ಟದ್ದು?

ಮಾನಪ್ಪ: ಕೊಟ್ಟಾವ್ರ ತಲ್ಯಾಗ ಕರೀ ಟೊಪಿಗಿ ಇತ್ರಿ. ಕಣ್ಣ ಬಿಟ್ರ ಏನೂ ಕಾಣ್ತಿದ್ದಿಲ್ಲ.

ಮುರಾರಿ: ಮಂಕಿ ಕ್ಯಾಪು! ಸೆಕೆ ಆಯ್ತು, ತೆಗ್ದೆ.

ಮಾನಪ್ಪ: ಕಳ್ಳರೂ ಹಂಗ ಅಂತಾರ್ರಿ ಸಾವಕಾರ್ರ. ಸಿಟ್ಟಾಗಬ್ಯಾಡ್ರಿ. ಒಳಗೇನೈತಿ ಹೇಳ್ರಿ, ತಗೊಂಡ ಹೋಗ್ರಿ.

ಮುರಾರಿ: ಚಿನ್ನ ಉಂಟು.

ಮಾನಪ್ಪ: ಎಂಥಾ ಚಿನ್ನರಿ?

ಮುರಾರಿ: ಎಂಥಾ ಅಂದ್ರೆ? ಹಳದಿ!

ಮಾನಪ್ಪ: ಕರಿಮಣಿ ಎಷ್ಟ ಎಳೀದ್ರಿ?

ಮುರಾರಿ ಹೆಂಡತಿಯ ಕೊರಳನ್ನು ನೋಡಿದರು. ಅದು ಬರಿದಾಗಿತ್ತು; ನೋಡಿ ಉತ್ತರ ಬರೆಯುವ ಅವಕಾಶವನ್ನು ಅವರೇ ಬೆಳಿಗ್ಗೆ ಬಿಚ್ಚಿಸಿ ಪೌಚಿಗೆ ಹಾಕಿದ್ದರು.

ಮುರಾರಿ: ಎರಡು… ಮೂರು… ಮಧ್ಯದಲ್ಲಿ ಎಂತದೋ ಕೆಂಪು…

ಮಾನಪ್ಪ: ಸಾಹೇಬ್ರ, ಇವ್ರನ್ನ ನೋಡ್ರಿ ಸ್ವಲ್ಪ. ನನಗ ಸಂಶಯ ಬರಾಕತ್ತೈತಿ.

ಯತಿನ್: ಮುಝೇ ಭೀ.

ಸತ್ಯಭಾಮಾ: ಎರಡೆಳೆ ಕರಿಮಣಿ ಮಾನಪ್ಪಾ. ನಡುವೆ ತಾಳಿ, ಆಚೆ ಈಚೆ ಒಂದೊಂದು ಹವಳ. ಕೊಂಡಿ ಸಡಿಲ ಆಗಿದೆ ಅಂತ ಸೇಫ್ಟಿ ಪಿನ್ನು ಹಾಕಿದ್ದೇನೆ. ಕೊಂಡಿ ಸರಿ ಮಾಡಿಸಿ ಕೊಡಿ ಅಂತ ಇವರಿಗೆ ಹೇಳಿ ಹೇಳಿ, ಪಿನ್ನಿಗೂ ಈಗ ತುಕ್ಕು ಹಿಡೀತಾ ಉಂಟು.

ಮಾನಪ್ಪ ಅಂಗಿಯೊಳಗಿಂದ ಪೌಚನ್ನು ತೆಗೆದು, ಇಣುಕಿ ಪಿನ್ನಿನ ತುಕ್ಕನ್ನು ಖಾತ್ರಿ ಮಾಡಿಕೊಂಡು, ಎರಡೂ ಕೈಗಳಿಂದ ಸತ್ಯಭಾಮಾಗೆ ಒಪ್ಪಿಸಿದ. ಚಾಚಿದ್ದ ಮುರಾರಿಯ ಕೈ ಹಾಗೆಯೇ ತಲೆ ಕೆರೆದುಕೊಳ್ಳಲು ಹೋಯಿತು. ಯತಿನ್ ಪೆನ್ನಿಗೆ ಮುಚ್ಚಳ ಹಾಕಿದ.

ಯತಿನ್: ಕಿಡ್ನ್ಯಾಪ್ ನಹೀ, ಚೋರೀ ಭೀ ನಹೀ. ಕಾಕೀ, ಆಪ್ ರೋಜ್ ಆಯಿಯೇ, ಕೋಯೀ ಟೆನ್ಶನ್ ನಹೀ. ಕಾಕಾ, ಆಪ್ ಅಕೇಲೇ ಮತ್ ಆನಾ.

ಮುರಾರಿ: ಎಂತ? ನಾನು ಒಬ್ಬನೇ ಬರ್ಬಾರ್ದಾ?

ಸತ್ಯಭಾಮಾ: ಪೊಲೀಸರು ಹೇಳಿದ ಮೇಲೆ ಮುಗೀತು. ಗುಡ್ಡದಲ್ಲಿ ನಿಮ್ಮ ಹಾಗಿನ ಗಂಡಸರು ಒಂಟಿಯಾಗಿ ತಿರುಗುವುದು ಕ್ಷೇಮ ಅಲ್ಲ. ಸಿಕ್ಕಿದವರ ಕೈಗೆ ಸಿಕ್ಕಿದ್ದನ್ನು ಕೊಡ್ತೀರಿ. ಬೇಕಾದ್ರೆ ಟೆರೇಸಿನಲ್ಲಿ ಸುತ್ತು ಹಾಕಿ.

ಮುರಾರಿ: ಟೆರೇಸಾ! ಇಷ್ಟು ಒಳ್ಳೆ ಗಾಳಿ ಬಿಟ್ಟು? ಕೆಳಗೆ ಆ ಖಾಡಿ ನೋಡು, ಎಷ್ಟು ಚಂದ ಕಾಣ್ತದೆ ಇಲ್ಲಿಂದ! ನಾನೂ ಬರ್ತೇನೆ ಮಾರಾಯ್ತಿ.

ಸತ್ಯಭಾಮಾ ಕರಿಮಣಿಯನ್ನು ಕೊರಳಿಗೆ ಹಾಕಿಕೊಂಡು ಪಿನ್ನು ಚುಚ್ಚಿದರು. ನಾಳೆಯ ಬೆಳಗೂ ಆ ಖಾಡಿಯೂ ತನ್ನವೇ ಎಂಬುದು ಸ್ಥಿರವಾದ ಮೇಲೆ ಅವರಿಗೆ ಉದಾರತೆ ಬಂತು.

ಸತ್ಯಭಾಮಾ: ದಾನಮ್ಮಾ, ನಮ್ಮವರೂ ಬರ್ತಾರಂತೆ. ನಾನು ತುದಿಗೆ ಹೋಗಿ ಬರುವವರೆಗೆ ಇವರ ಮೇಲೆ ಸ್ವಲ್ಪ ಕಣ್ಣಿಡ್ತೀಯಾ?

ದಾನಮ್ಮ: ನನಗ ಗಿಡ ಅದಾವ್ರಿ ಅಕ್ಕಾರ, ಎಲ್ಲಾ ಒಣಗ್ಯಾವು. ನಮ್ಮಂವನ ಕಡೆ ಬಿಟ್ಟ ಹೋಗ್ರಿ. ಒಂದ್ ಚೀಲ ಇಷ್ಟ ನಿಯತ್ತಿಲೆ ಕಾದಾವ್ಗ ಇನ್ನೊಂದೇನು ಭಾರ ಆಗಂಗಿಲ್ಲ.