ಸ್ಟುಡಿಯೋಗೆ ಸಿಕ್ಕ ಮೂಕಿಚಿತ್ರದ ಪರವಾನಗಿ

ಮುಚ್ಚಿದ ಬಾಗಿಲಿನಾಚೆಗೆ ಕೇಳಿಸದ ಧ್ವನಿಯನ್ನು ಇಲ್ಲವೆಂದೇ ಪರಿಗಣಿಸತಕ್ಕದ್ದು ಎಂಬುದು ಶಬ್ದ ಇಲಾಖೆಯ ಹದಿನಾಲ್ಕನೆಯ ನಿಯಮ. ಇದಕ್ಕೆ ಇದುವರೆಗೆ ಯಾರೂ ತಕರಾರು ತೆಗೆದಿಲ್ಲ. ತೆಗೆದಿದ್ದರೂ ಇಲಾಖೆಯ ಬಾಗಿಲು ಮುಚ್ಚಿತ್ತು.

ಎರಡನೆಯ ಮಹಡಿಯ ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋದ ಒಡತಿ ಪರವಾನಗಿ ನವೀಕರಣಕ್ಕೆ ಅರ್ಜಿ ಹಾಕಿದ್ದಳು. ಗೋಡೆಗೆ ಮೂರು ಪದರ ಸ್ಪಂಜು, ಬಾಗಿಲಿನ ಸುತ್ತ ರಬ್ಬರು, ಕಿಟಕಿಗೆ ಜೋಡಿ ಗಾಜು, ಎಲ್ಲವನ್ನೂ ಎದುರಿಗೆ ನಿಂತು ಮಾಡಿಸಿದ್ದಳು. ಪರವಾನಗಿ ಸಿಗದಿದ್ದರೆ ಶುಕ್ರವಾರ ಬೀಗ. ಬೀಗ ಬಿದ್ದರೆ ಅವಳ ಅತ್ತೆಯ ಪಾಡ್‌ಕಾಸ್ಟೂ ನಿಂತಂತೆ. "ಬೈಗುಳದ ಹತ್ತು ನಿಮಿಷ" ಎಂಬ ಆ ಕಾರ್ಯಕ್ರಮದಲ್ಲಿ ಅತ್ತೆ ಪ್ರತಿ ಸೋಮವಾರ ಒಬ್ಬರ ಜನ್ಮ ಜಾಲಾಡುತ್ತಿದ್ದರು. ಮನೆಯಲ್ಲಿ ಬೈಯುವವರೂ ಇಲ್ಲದ ಹನ್ನೊಂದು ಸಾವಿರ ಜನ ಅದನ್ನು ತಪ್ಪದೆ ಕೇಳುತ್ತಿದ್ದರು. ಮೈಕಿನ ಮುಂದೆ ಕೂರಿಸದಿದ್ದರೆ ಆ ಬೈಗುಳವೆಲ್ಲ ಯಾರ ಪಾಲಿಗೆ ಬರುತ್ತದೆಂದು ಸೊಸೆಗೆ ಚೆನ್ನಾಗಿ ಗೊತ್ತಿತ್ತು. ಅವಳಿಗೆ ನಿಜಕ್ಕೂ ಭಯವಾಗಿತ್ತು.

ಪರಿವೀಕ್ಷಕರು ಬಂದು, ಬಾಗಿಲು ಮುಚ್ಚಿಸಿ, ಟೇಪಿನಲ್ಲಿ ಒಂದು ಮೀಟರ್ ಅಳೆದು ನಿಂತರು. ಒಳಗೆ ಅತ್ತೆ ಗಂಟಲು ಹರಿಯುವಂತೆ ಬೈಯುತ್ತಿದ್ದರು.

"ಏನೂ ಕೇಳಿಸ್ತಿಲ್ಲವಲ್ಲಮ್ಮ."

"ಕೇಳಿಸಬಾರದು ಸಾರ್. ಅದಕ್ಕೇ ಸ್ಪಂಜು ಹಾಕಿಸಿರೋದು."

"ಹಾಗಾದ್ರೆ ರೆಕಾರ್ಡಿಂಗ್ ನಡೀತಿದೆ ಅನ್ನೋದಕ್ಕೆ ಪುರಾವೆ ಏನು?"

"ಒಳಗೆ ಬನ್ನಿ, ನೀವೇ ಕೇಳಿ."

"ಒಳಗೆ ಬಂದ್ರೆ ನಾನು ಪರಿವೀಕ್ಷಕ ಆಗಿರಲ್ಲ, ಶ್ರೋತೃ ಆಗ್ಬಿಡ್ತೀನಿ. ಶ್ರೋತೃಗಳದ್ದು ಬೇರೆ ಇಲಾಖೆ."

"ಈ ಹೆಡ್‌ಫೋನಾದ್ರೂ ಹಾಕ್ಕೊಳ್ಳಿ ಸಾರ್."

"ಸರ್ಕಾರಿ ಕಿವಿಗೆ ಖಾಸಗಿ ಉಪಕರಣ ಹಾಕೋ ಹಾಗಿಲ್ಲಮ್ಮ."

ಅವರು ಗಾಜಿನೊಳಗೆ ಇಣುಕಿ ಬರೆದುಕೊಂಡರು: "ಹಿರಿಯ ಮಹಿಳೆಯೊಬ್ಬರು ಬಾಯಿ ಆಡಿಸುತ್ತಿದ್ದಾರೆ. ಬೆರಳು ತೋರಿಸುತ್ತಿದ್ದಾರೆ. ಶಬ್ದ ಸೊನ್ನೆ." ಆಮೇಲೆ ನಿಯಮಾವಳಿಯ ಪುಟ ತಿರುವುತ್ತ ತಿರುವುತ್ತ ಅವರ ಮುಖ ಅರಳಿತು.

"ನಿಮ್ಮದು ಮೂಕಿಚಿತ್ರ ಮಂದಿರ ಕಣಮ್ಮ. ಮೊದಲೇ ಹೇಳಬಾರದಿತ್ತಾ?"

ಆ ವರ್ಗದಲ್ಲಿ ತೊಂಬತ್ತು ವರ್ಷಗಳಿಂದ ಒಂದೂ ಅರ್ಜಿ ಬಂದಿರಲಿಲ್ಲ. ಸಾಲಿನಲ್ಲಿ ಮುಂದೆ ಯಾರೂ ಇಲ್ಲದ್ದರಿಂದ ಗುರುವಾರವೇ ಪರವಾನಗಿ ಕೈಸೇರಿತು, ಷರತ್ತುಗಳ ಸಮೇತ: "ಗಾಜಿನ ಮುಂದೆ ಹನ್ನೆರಡು ಕುರ್ಚಿ ಇಡತಕ್ಕದ್ದು. ಮಧ್ಯಂತರ ಕಡ್ಡಾಯ. ಮುಂದಿನ ಸಾಲಿನ ನಡುವಿನ ಕುರ್ಚಿ ಇಲಾಖೆಗೆ ಮೀಸಲು. ಮಾತೇ ಇಲ್ಲದಿರುವುದರಿಂದ ಮಕ್ಕಳೂ ನೋಡಬಹುದು."

"ನಡುವೆ ಬಿಡುವು ಕೊಟ್ರೆ ಬೈಗುಳ ಆರಿ ಹೋಗುತ್ತೆ ಕಣೆ," ಎಂದು ಅತ್ತೆ ಮುನಿಸಿಕೊಂಡರು. ಸೋಮವಾರ ಗಾಜಿನಾಚೆ ಹನ್ನೆರಡು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ದನ್ನು ಕಂಡ ಮೇಲೆ, ಎರಡು ಮಧ್ಯಂತರ ಇಟ್ಟರೂ ಅಡ್ಡಿಯಿಲ್ಲ ಎಂದರು. ಕೆಳಗಿನ ಅಂಗಡಿಯ ಟೈಲರ್ ನಕ್ಕೂ ನಕ್ಕೂ ಕುರ್ಚಿಯಿಂದ ಜಾರಿದ. ಎದುರುಮನೆಯ ನರ್ಸು, ತನ್ನ ತಾಯಿಯನ್ನೇ ನೋಡಿದಂತಾಯಿತೆಂದು ಕಣ್ಣೊರೆಸಿಕೊಂಡಳು. ಆ ದಿನ ಅತ್ತೆ ಬೈದದ್ದು ಪರಿವೀಕ್ಷಕರನ್ನು. ಟೇಪು ಹಿಡಿದು ಬಂದಲ್ಲಿಂದ ಶುರುಮಾಡಿ, ಅವರ ತಲೆಯೊಳಗೆ ಏನೇನಿಲ್ಲ ಎಂಬುದನ್ನು ಒಂದೊಂದಾಗಿ ಎಣಿಸಿದ್ದರು. ಮೀಸಲು ಕುರ್ಚಿಯಲ್ಲಿದ್ದ ಪರಿವೀಕ್ಷಕರು, ಬೆರಳು ತಮ್ಮತ್ತ ತಿರುಗಿದಾಗಲೆಲ್ಲ ತಲೆಬಾಗಿ ವಂದಿಸಿದರು.

ಮುಂದಿನ ಸೋಮವಾರ ಅವರು ಹತ್ತು ನಿಮಿಷ ಮೊದಲೇ ಬಂದು ಕಿವಿಯಿಂದ ಇಯರ್‌ಫೋನ್ ತೆಗೆದರು.

"ಬಸ್ಸಲ್ಲಿ ಒಂದು ಪಾಡ್‌ಕಾಸ್ಟ್ ಕೇಳ್ಕೊಂಡು ಬಂದೆ. ಯಾರೋ ಅಜ್ಜಿ, ಯಾವನೋ ಪರಿವೀಕ್ಷಕನ್ನ ಉಗಿದು ಉಪ್ಪಿನಕಾಯಿ ಹಾಕಿದ್ದಾರೆ. ಅವನಿಗೆ ಹಾಗೇ ಆಗ್ಬೇಕು. ಅಂಥೋರಿಂದಲೇ ಇಲಾಖೆಗೆ ಕೆಟ್ಟ ಹೆಸರು."

"ಹೌದು ಸಾರ್."

"ಎಷ್ಟು ಸ್ಪಷ್ಟವಾಗಿದೆ ಅಂತೀರಿ, ಹೊರಗಿನ ಒಂದು ಸದ್ದೂ ಇಲ್ಲ. ಎಲ್ಲಿ ರೆಕಾರ್ಡ್ ಮಾಡಿಸ್ತಾರೋ. ಅಂಥಾ ಒಂದು ಸ್ಟುಡಿಯೋ ನಮ್ಮಲ್ಲೂ ಇರಬೇಕಿತ್ತು ನೋಡಿ."

"ಇರಬೇಕಿತ್ತು ಸಾರ್," ಎಂದು ಒಡತಿ ಅವರ ಕುರ್ಚಿ ಒರೆಸಿಕೊಟ್ಟು, ಬಾಗಿಲು ಮುಚ್ಚಿ, ಒಳಗಿನ ಮೈಕು ಆನ್ ಮಾಡಿದಳು.