ಅವರೆಬಳ್ಳಿಯನ್ನು ಮಲಗಿಸುವ ಭಾವ

ನಮ್ಮ ಭಾವನಷ್ಟು ಧೈರ್ಯವಂತರನ್ನು ನಾನು ಕಂಡಿಲ್ಲ! ಹೀಗೆಂದರೆ ಮಿಷಿಗನ್‌ನ ನಮ್ಮ ಭಾವನ ಊರು ಟ್ರಾಯ್‌ನ ಕನ್ನಡಿಗರೆಲ್ಲ ಬಿದ್ದು ಬಿದ್ದು ನಗುತ್ತಾರೆ. ನಗಲಿ. ಹೆದ್ದಾರಿಯಿಂದ ಆಫೀಸಿಗೆ ಇಳಿಯುವ ಎಕ್ಸಿಟ್ ರಿಪೇರಿಗೆಂದು ಮುಚ್ಚಿದ್ದ ದಿನ, ಬೇರೆ ಎಕ್ಸಿಟ್ ಪರಿಚಯವಿಲ್ಲವೆಂದು ಮನೆಗೇ ವಾಪಸ್ ಬಂದ ಮಹಾನುಭಾವರು ಅವರು. ವಾಪಸ್ ತಿರುಗಿದ್ದು ಯಾವ ಎಕ್ಸಿಟ್‌ನಲ್ಲಿ ಎಂದು ಮಾತ್ರ ಕೇಳಬೇಡಿ, ಇವತ್ತಿಗೂ ಹೇಳಿಲ್ಲ.

ಇಂಥವರು ತೋಟಗಾರಿಕೆಗೆ ಇಳಿದದ್ದು ಅಕ್ಕನಿಗಾಗಿ. ಅವಳ ಕೀಮೋ ಮುಗಿದಿತ್ತು, ಡಾಕ್ಟರು ಎಲ್ಲ ಸರಿಯಿದೆ ಎಂದಿದ್ದರು. ಆದರೆ ನಾಲಿಗೆಗೆ ರುಚಿ ಮರಳಿರಲಿಲ್ಲ. ಮದುವೆಮನೆಯ ಅಡುಗೆಯಲ್ಲೂ ಉಪ್ಪು ಹುಳಿಯ ತಪ್ಪು ಹುಡುಕುತ್ತಿದ್ದವಳು, ಭಾವ ಬೇಯಿಸಿಟ್ಟದ್ದನ್ನೆಲ್ಲ ತಿಂದು "ಚೆನ್ನಾಗಿದೆ ಕಣ್ರೀ" ಎನ್ನತೊಡಗಿದಳು. ಭಾವನ ಅಡುಗೆ ಚೆನ್ನಾಗಿದೆಯಂತೆ! ನಮಗೆ ನಿಜವಾಗಿ ಭಯವಾದದ್ದು ಆಗ. ಒಂದು ದಿನ ಅವಳು, "ಸೊಗಡಿರೋ ಅವರೆಕಾಯಿ ಸಿಕ್ಕಿದ್ರೆ ರುಚಿ ಗೊತ್ತಾಗ್ಬೋದೇನೋ" ಎಂದಳು. ಅಂಗಡಿಯ ಫ್ರೋಜನ್ ಅವರೆಯಲ್ಲಿ ಕಾಳೇನೋ ಇದೆ, ಸೊಗಡೆಲ್ಲಿ ಬರಬೇಕು? ಭಾವ ಬೀಜ ಹುಡುಕಿಕೊಂಡು ಹೊರಟರು.

ಎರೆಹುಳು ಕಂಡರೆ ಕುರ್ಚಿ ಹತ್ತುವ ಮನುಷ್ಯ ಮಣ್ಣಿಗೆ ಕೈ ಹಾಕಿದರು. ಮೊಲ, ಜಿಂಕೆಗಳ ಕಾಟ ತಪ್ಪಿಸಲು ಬೆದರುಬೊಂಬೆ ಮಾಡಿದರು. ಜನ್ಮದಲ್ಲಿ ಅಂಗಿಗೆ ಒಂದು ಗುಂಡಿ ಹೊಲಿಯದವರು ಅದಕ್ಕೆ ಕಣ್ಣು, ಮೂಗು, ಮೀಸೆ ಹೊಲಿದು ತಮ್ಮ ಹಳೆಯ ಕೋಟು ತೊಡಿಸಿದರು. ಪಕ್ಕದ ಮನೆಯ ಅಜ್ಜ ವಾರವಿಡೀ ಅದಕ್ಕೆ ಗುಡ್ ಮಾರ್ನಿಂಗ್ ಹೇಳಿದರಂತೆ. ಉತ್ತರ ಬರಲಿಲ್ಲವೆಂದು ಅನುಮಾನ ಬರಬೇಡವೇ? ಭಾವ ಯಾವತ್ತು ಉತ್ತರ ಕೊಟ್ಟಿದ್ದರು!

ಬಳ್ಳಿ ಬೇಲಿಯುದ್ದಕ್ಕೂ ಹಬ್ಬಿತು. ಹೂವು ಮಾತ್ರ ಇಲ್ಲ. ವಿಚಾರಿಸಿದರೆ, ಅವರೆ ಹೂಬಿಡಲು ಹಗಲು ಗಿಡ್ಡವಾಗಬೇಕಂತೆ. ಮಿಷಿಗನ್ ಬೇಸಿಗೆಯಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕು! ಹಗಲು ತಾನಾಗಿ ಗಿಡ್ಡವಾಗಿ ಕಾಯಿ ಕಟ್ಟುವಷ್ಟರಲ್ಲಿ ಚಳಿಗೆ ಬಳ್ಳಿಯೇ ಕರಕಲಾಗಿರುತ್ತದೆ.

ಆಗಸ್ಟಿನ ಒಂದು ಶನಿವಾರ ಸಂಜೆ ನಾನು ನನ್ನೂರು ವಿಕ್ಸಮ್‌ನಿಂದ ಅವರ ಮನೆಗೆ ಹೋದಾಗ, ಭಾವ ಬಿಸಿಲಿನಲ್ಲಿ ನಿಂತು ಬಳ್ಳಿಗೆ ಕಪ್ಪು ಪರದೆ ಹೊದಿಸುತ್ತಿದ್ದರು.

"ಏನ್ ಭಾವ ಇದು?"

"ಶ್! ಮಲಗಿಸ್ತಾ ಇದೀನಿ ಕಣೋ. ಮೆಲ್ಲಗೆ ಮಾತಾಡು."

"ಬಳ್ಳಿಗೆ ಕಿವಿ ಇದ್ಯಾ?"

"ಕಣ್ಣಿದೆ ಅಂತ ಮೊನ್ನೆವರೆಗೆ ನಿಂಗೆ ಗೊತ್ತಿತ್ತಾ?"

ದಿನಾ ಸಂಜೆ ಮಲಗಿಸುವುದು, ಬೆಳಿಗ್ಗೆ ಎಬ್ಬಿಸುವುದು. ಬಾಸ್ ಸಂಜೆಗೆ ಮೀಟಿಂಗ್ ಇಟ್ಟಾಗ, ಹುಟ್ಟು ಪುಕ್ಕಲರಾದ ಭಾವ "ಮನೇಲಿ ಮಲಗಿಸೋದಿದೆ, ಆಗಲ್ಲ" ಎಂದುಬಿಟ್ಟರಂತೆ. ಈ ವಯಸ್ಸಿನಲ್ಲಿ ಮಗುವಾಯಿತೆಂದು ಆಫೀಸಿನವರು ಕೇಕ್ ತರಿಸಿದರು. ಅಲ್ಲ ಎನ್ನಲು ಸಂಕೋಚವಾಗಿ ಭಾವ ಕೇಕ್ ಕತ್ತರಿಸಿ ಬಂದರು!

ಸೆಪ್ಟೆಂಬರಿನಲ್ಲಿ ಹೂ ಬಂತು. ಅಕ್ಟೋಬರಿನ ಚಳಿ ಬಳ್ಳಿಯನ್ನು ಸುಡುವ ಮೊದಲು ಒಂದು ಬೊಗಸೆ ಕಾಯಿ ಕೈಗೆ ಸಿಕ್ಕಿತು, ಅಷ್ಟೇ. ಭಾವ ತಾವೇ ಕಾಳು ಬಿಡಿಸಿ ಸಾರು ಮಾಡಿದರು. ಅಕ್ಕ ಸಿಪ್ಪೆಯನ್ನು ಮೂಗಿಗೆ ಹಿಡಿದು ಮೂಸಿದಳು. ಆಮೇಲೆ ಒಂದು ತುತ್ತು ಬಾಯಿಗಿಟ್ಟಳು. ಸೌಟು ಹಿಡಿದು ನಿಂತ ಭಾವನ ಪಕ್ಕದಲ್ಲಿ ಆ ಬೆದರುಬೊಂಬೆ ಇದ್ದಿದ್ದರೆ ಯಾರು ಯಾರೆಂದು ನನಗೂ ತಿಳಿಯುತ್ತಿರಲಿಲ್ಲ.

ಅಕ್ಕ ಹುಬ್ಬು ಗಂಟಿಕ್ಕಿದಳು. "ಉಪ್ಪೇ ಹಾಕಿಲ್ವಲ್ರೀ! ಇಂಥಾ ಅವರೇನ ಹಾಳ್ಮಾಡಿದ್ರಲ್ಲ!"

ಭಾವನ ಕಣ್ಣು ತುಂಬಿತು. "ಇನ್ನೊಂದ್ಸಲ ಬಯ್ಯೇ" ಎಂದರು.

ಉಪ್ಪಿನ ಡಬ್ಬಿ ತರಲು ಒಳಗೆ ಹೋದವರು ಬಹಳ ಹೊತ್ತು ಹೊರಗೆ ಬರಲಿಲ್ಲ.